ಅವ್ವನಿಗೆ ಕೇಳಲು, ಪುಣೆಯ ಮಕ್ಕಳಿಗೆ ಓದಲು: ಸಮಾವೇಶದ ಉಪನ್ಯಾಸಗಳು ಸಿಗುವುದು ಹೇಗೆ?

ವಿದ್ಯಾನಗರ ಓದುಗಿ, ದಾವಣಗೆರೆ

ಎಲ್ಲರಿಗೂ ಶರಣು. ಒಂದು ಸಹಾಯ ಬೇಕಿತ್ತು.

ನಮ್ಮ ಅವ್ವನಿಗೆ ಗ್ಲಾಕೋಮಾ. ಈಗ ಓದಲು ಆಗುವುದಿಲ್ಲ, ಟಿವಿಯೂ ಮಸುಕು. ಮೊದಲೆಲ್ಲ ಸಿರಿಗೆರೆ ಮಠದವರು ವರ್ಷಕ್ಕೊಂದು ಊರಿನಲ್ಲಿ ನಡೆಸುವ ಸಮಾವೇಶ, ತರಳಬಾಳು ಹುಣ್ಣಿಮೆ, ಎಲ್ಲೇ ನಡೆಯಲಿ, ಒಂದೆರಡು ದಿನವಾದರೂ ಹೋಗಿ ಕೂತು ಕೇಳಿ ಬರುತ್ತಿದ್ದಳು. 2025ರಲ್ಲಿ ನಮ್ಮ ಪಕ್ಕದ ಭರಮಸಾಗರದಲ್ಲೇ ಆಯಿತು. ಆ ಜನಜಂಗುಳಿಯಲ್ಲಿ ಕರೆದುಕೊಂಡು ಹೋಗುವ ಧೈರ್ಯ ಯಾರಿಗೂ ಬರಲಿಲ್ಲ. ಅವಳಿಗೆ ಅದು ಇವತ್ತಿಗೂ ಬೇಜಾರು.

ಈಗ ಎಲ್ಲ ಮಠ, ಎಲ್ಲ ಉತ್ಸವದ ವಿಡಿಯೋ ಯೂಟ್ಯೂಬಿನಲ್ಲಿ ಇರುತ್ತದೆ, ನಿಜ. ಆದರೆ ಒಂದೊಂದು ನಾಲ್ಕು ತಾಸು. ಸ್ವಾಗತ, ಸನ್ಮಾನ, ಹಾರ, ಶಾಲು ಎಲ್ಲ ದಾಟಿ ಉಪನ್ಯಾಸ ಎಲ್ಲಿ ಶುರುವಾಗುತ್ತದೆ ಅಂತ ಅವ್ವ ಹೇಗೆ ಹುಡುಕಬೇಕು? ಟಚ್ ಫೋನು ಅವಳ ಕೈಗೆ ಒಗ್ಗುವುದಿಲ್ಲ.

ಇನ್ನೊಂದು ಸಮಸ್ಯೆ ಇದೆ. ನಮ್ಮ ಅಣ್ಣನ ಮಕ್ಕಳು ಪುಣೆಯಲ್ಲಿ ಹುಟ್ಟಿ ಬೆಳೆದವರು. ಅಜ್ಜಿ ಕೇಳುವುದನ್ನು ತಾವೂ ಓದಬೇಕು ಅಂತಾರೆ. ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅವರಿಗೆ ಏನು ಕೊಡಲಿ?

ನಿಮ್ಮ ಮನೆಗಳಲ್ಲಿ ಹೇಗೆ ಮಾಡಿದ್ದೀರಿ, ದಯವಿಟ್ಟು ಹೇಳಿ.

ಮೈಕ್ ಸೆಟ್, ಭರಮಸಾಗರ

ಅಕ್ಕ, ನಾನು ಧ್ವನಿವರ್ಧಕದ ಕೆಲಸದವನು. ಯೂಟ್ಯೂಬಿನಿಂದ ಶುರು ಮಾಡಬೇಡಿ. ನೇರಪ್ರಸಾರದಲ್ಲಿ ಎಷ್ಟೋ ಸಲ ಕ್ಯಾಮೆರಾದ ಮೈಕಿನ ಧ್ವನಿಯೇ ಹೋಗಿರುತ್ತದೆ. ಅದರಲ್ಲಿ ಪೆಂಡಾಲಿನ ಗಲಾಟೆ, ಜನರೇಟರ್ ಸದ್ದು, ಪ್ರತಿಧ್ವನಿ ಎಲ್ಲ ಸೇರಿಕೊಂಡಿರುತ್ತದೆ. ಕಣ್ಣು ಕಾಣುವವರು ಮುಖ ನೋಡಿ, ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಬರೀ ಕಿವಿಯಲ್ಲಿ ಕೇಳುವವರಿಗೆ ಅದು ತಲೆನೋವು.

ಚೆನ್ನಾಗಿರುವ ಧ್ವನಿ ಇರುವುದು ಮಿಕ್ಸರ್‌ನಲ್ಲಿ, ಅಂದರೆ ಎಲ್ಲ ಮೈಕಿನ ಧ್ವನಿ ಬಂದು ಸೇರುವ ಯಂತ್ರದಲ್ಲಿ. ಭಾಷಣಕಾರರ ಮೈಕಿನಿಂದ ನೇರವಾಗಿ ಬಂದದ್ದು. ಈಗಿನ ಮಿಕ್ಸರ್‌ಗಳಲ್ಲಿ ಪೆನ್‌ಡ್ರೈವ್ ಹಾಕಿ ರೆಕಾರ್ಡ್ ಮಾಡಬಹುದು, ಎಷ್ಟೋ ಜನ ಮಾಡುತ್ತಾರೆ ಕೂಡ. ಆದರೆ ಮುಂದಿನ ಕಾರ್ಯಕ್ರಮಕ್ಕೆ ಅದೇ ಪೆನ್‌ಡ್ರೈವ್ ಖಾಲಿ ಮಾಡಿ ಹಾಕುತ್ತಾರೆ. ಹಾಗಾಗಿ ಕಾರ್ಯಕ್ರಮ ಮುಗಿದ ದಿನವೇ ಸಮಿತಿಯವರ ಮೂಲಕ ಕೇಳಬೇಕು. ವಾರ ಬಿಟ್ಟು ಕೇಳಿದರೆ ಸಿಗುವುದು ಕಷ್ಟ. ನೀವೇ ಒಂದು ಹೊಸ ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ ಕೊಟ್ಟರೆ ಯಾರೂ ಇಲ್ಲ ಅನ್ನುವುದಿಲ್ಲ.

ಚಳ್ಳಕೆರೆ ಟು ಬೆಂಗಳೂರು

ಮೈಕ್ ಸೆಟ್ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಧ್ವನಿ ಕೈಗೆ ಬಂದ ಮೇಲೆ ಏನು ಮಾಡಬೇಕು ಅಂತ ನಾನು ಹೇಳುತ್ತೇನೆ. ನಮ್ಮ ತಾತನಿಗೆ ಇದೇ ರೀತಿ ಮಾಡಿಕೊಟ್ಟಿದ್ದೇನೆ.

ಮಾತಿಗೆ ಸ್ಟೀರಿಯೋ ಬೇಕಿಲ್ಲ. ಮೋನೋದಲ್ಲಿ 64 ಕೆಬಿಪಿಎಸ್ ಎಂಪಿ3 ಮಾಡಿದರೆ ಸಾಕು. ಒಂದು ತಾಸಿಗೆ ಸುಮಾರು 29 ಎಂಬಿ. ಹುಣ್ಣಿಮೆಯ ಒಂಬತ್ತು ದಿನ, ದಿನಕ್ಕೆ ನಾಲ್ಕು ತಾಸು ಅಂದುಕೊಂಡರೂ ಇಡೀ ಹುಣ್ಣಿಮೆ 1 ಜಿಬಿ ಹತ್ತಿರ ಆಗುತ್ತದೆ. ಅತಿ ಸಣ್ಣ ಮೆಮೊರಿ ಕಾರ್ಡಿನಲ್ಲೂ ಹಿಡಿಯುತ್ತದೆ. ಕಂಪ್ಯೂಟರಿನಲ್ಲಿ ಆಡಾಸಿಟಿ ಅಂತ ಉಚಿತ ತಂತ್ರಾಂಶ ಇದೆ. ಕತ್ತರಿಸುವುದು, ಧ್ವನಿ ಸಮ ಮಾಡುವುದು ಎರಡೂ ಅದರಲ್ಲೇ ಆಗುತ್ತದೆ.

ಈಗ ಅವ್ವನ ಕೈಗೆ ಏನು ಕೊಡುವುದು? ಗುಂಡಿ ಇರುವ ಸಾದಾ ಸ್ಪೀಕರ್, ಮೆಮೊರಿ ಕಾರ್ಡ್ ಹಾಕುವಂಥದ್ದು. ಮುಂದಕ್ಕೆ, ಹಿಂದಕ್ಕೆ, ನಿಲ್ಲಿಸು, ಇಷ್ಟೇ ಗುಂಡಿ. ಬೆರಳಿಗೆ ಒಂದೇ ದಿನದಲ್ಲಿ ರೂಢಿಯಾಗುತ್ತದೆ. ಆದರೆ ಮೂರು ಸಂಗತಿ ನೋಡಿಕೊಳ್ಳಿ. ಫೈಲುಗಳಿಗೆ 01, 02, 03 ಅಂತ ಅಂಕಿಯ ಹೆಸರು ಕೊಡಿ. ಕಡಿಮೆ ಬೆಲೆಯ ಸ್ಪೀಕರ್‌ಗಳಲ್ಲಿ ಬಹಳಷ್ಟು, ಕಾರ್ಡಿಗೆ ಯಾವ ಕ್ರಮದಲ್ಲಿ ಕಾಪಿ ಮಾಡಿದಿರೋ ಅದೇ ಕ್ರಮದಲ್ಲಿ ಹಾಡುತ್ತವೆ. ಒಟ್ಟಿಗೆ ಎಳೆದು ಹಾಕಿದರೆ ಕ್ರಮ ತಪ್ಪಬಹುದು, ಒಂದೊಂದಾಗಿ ಕಾಪಿ ಮಾಡಿ. ಮತ್ತೆ, ಆಫ್ ಮಾಡಿದರೆ ಎಲ್ಲಿ ನಿಂತಿತ್ತು ಅನ್ನುವುದು ಎಷ್ಟೋ ಸ್ಪೀಕರಿಗೆ ನೆನಪಿರುವುದಿಲ್ಲ. ಆದ್ದರಿಂದ ಒಂದು ಫೈಲು 20 ನಿಮಿಷ ದಾಟಬಾರದು. ಕರೆಂಟು ಹೋದರೂ ಕಳೆದುಕೊಳ್ಳುವುದು ಅಷ್ಟೇ.

ಪ್ರತಿ ಫೈಲಿನ ಮೊದಲಿಗೆ ನಿಮ್ಮ ದನಿಯಲ್ಲೇ ಒಂದು ಸಾಲು ಸೇರಿಸಿ. 'ಅವ್ವ, ಇದು ಮೂರನೇ ದಿನ, ವಿಷಯ ಕಾಯಕ' ಅಂತ. ಪರದೆ ಕಾಣದವರಿಗೆ ಅದೇ ಪರಿವಿಡಿ.

ವಿದ್ಯಾನಗರ ಓದುಗಿ, ದಾವಣಗೆರೆ

ನನ್ನ ದನಿಯಲ್ಲಿ ಸಾಲು ಸೇರಿಸುವ ಮಾತು ತುಂಬಾ ಇಷ್ಟವಾಯಿತು. ಅವ್ವನಿಗೂ ಹೇಳಿದೆ, 'ಹಂಗಾದ್ರೆ ಬೇಗ ಮಾಡು' ಅಂದಳು.

ಹೊಳಲ್ಕೆರೆ ಮಾಮ

ನಾನೊಂದು ಮಾತು ಹೇಳಬೇಕು. ಎಲ್ಲರೂ ಆಡಿಯೋ ಆಡಿಯೋ ಅಂತಿದ್ದೀರಿ. ನನಗೆ ಕಿವಿ ಕೇಳಿಸುವುದಿಲ್ಲ. ಹುಟ್ಟಿನಿಂದ ಅಲ್ಲ, ಮಧ್ಯವಯಸ್ಸಿನಲ್ಲಿ ಹೋಯಿತು.

ಚಿತ್ರದುರ್ಗದಲ್ಲಿ ದಸರಾ ಹೊತ್ತಿಗೆ ಶರಣ ಸಂಸ್ಕೃತಿ ಉತ್ಸವ ಆಗುತ್ತದಲ್ಲ, ಈಗಲೂ ಹೋಗುತ್ತೇನೆ. ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಸಾವಿರಾರು ಜನ ಒಟ್ಟಿಗೆ ಚಪ್ಪಾಳೆ ತಟ್ಟಿದಾಗ ನಾನೂ ತಟ್ಟುತ್ತೇನೆ. ಆದರೆ ಏನು ಹೇಳಿದರು ಅಂತ ತಿಳಿಯುವುದು ಮರುದಿನದ ಪೇಪರಿನಿಂದ. ಒಂದು ತಾಸಿನ ಮಾತಿಗೆ ಪೇಪರಿನಲ್ಲಿ ನಾಲ್ಕು ಸಾಲು ಬಂದಿರುತ್ತದೆ. ಅದರಲ್ಲಿ ಎರಡು ಸಾಲು ವೇದಿಕೆಯಲ್ಲಿ ಯಾರ್ಯಾರು ಇದ್ದರು ಅಂತ.

ನನಗೆ ಬೇಕಾದ್ದು ಪಠ್ಯ. ಅದೂ ಪೂರ್ತಿ ಪಠ್ಯ. ಈ ವಿಷಯ ಯಾರಾದರೂ ಯೋಚನೆ ಮಾಡಿದ್ದೀರಾ?

ಡಿಟಿಪಿ, ಪಿ.ಬಿ. ರಸ್ತೆ

ಮಾಮ, ನಿಮ್ಮ ಮಾತು ಓದಿ ಸುಮ್ಮನಿರಲು ಆಗಲಿಲ್ಲ. ನಾನು ದಾವಣಗೆರೆಯಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಕಟ್ಟುವ ಕೆಲಸ, ಮಾಡುವವನು. ಸ್ಮರಣ ಸಂಚಿಕೆ, ಆಹ್ವಾನ ಪತ್ರಿಕೆ, ಉಪನ್ಯಾಸದ ಪುಸ್ತಿಕೆ ಎಲ್ಲ ಮಾಡಿದ್ದೇನೆ.

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಹೇಳುತ್ತೇನೆ. ಆ ಪಠ್ಯ ಈಗಾಗಲೇ ಇದೆ! ಉಪನ್ಯಾಸ ಮಾಡುವ ಪ್ರಾಧ್ಯಾಪಕರು, ಸಾಹಿತಿಗಳು ಸುಮಾರು ಜನ ಬರೆದುಕೊಂಡೇ ಬರುತ್ತಾರೆ. ಸಂಚಿಕೆಗೆ ಅಂತ ಮೊದಲೇ ಲೇಖನ ಕಳಿಸಿರುತ್ತಾರೆ. ಅದು ನಮ್ಮಂಥವರ ಕಂಪ್ಯೂಟರಿನಲ್ಲಿ ಕೂತಿರುತ್ತದೆ. ಯಾರೂ ಕೇಳದೆ ಹಾಗೇ ಉಳಿದಿರುತ್ತದೆ, ಅಷ್ಟೇ.

ತೊಂದರೆ ಇರುವುದು ಅಕ್ಷರದಲ್ಲಿ. ನಾವು ಪುಟ ಕಟ್ಟುವುದು ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟಿನಲ್ಲಿ. ಅದು ಯೂನಿಕೋಡ್ ಅಲ್ಲ. ಯೂನಿಕೋಡ್ ಅಂದರೆ ಎಲ್ಲ ಕಂಪ್ಯೂಟರು, ಮೊಬೈಲಿಗೂ ಒಂದೇ ಆದ ಅಕ್ಷರ ಸಂಕೇತ. ಕಣ್ಣಿಗೆ ಕನ್ನಡ ಕಾಣುತ್ತದೆ, ಆದರೆ ಕಂಪ್ಯೂಟರಿನ ಮಟ್ಟಿಗೆ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಆ ಪಿಡಿಎಫ್‌ನಿಂದ ಕಾಪಿ ಮಾಡಿದರೆ ಅರ್ಥವಿಲ್ಲದ್ದು ಬರುತ್ತದೆ. ಗೂಗಲ್ಲಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಓದಿ ಹೇಳುವ ತಂತ್ರಾಂಶಕ್ಕೂ ಆಗುವುದಿಲ್ಲ. ಅನುವಾದಕ್ಕೆ ಹಾಕಿದರೆ ಅದೂ ಕೆಡುತ್ತದೆ.

ಆದ್ದರಿಂದ ಸಮಿತಿಯವರು ಮುದ್ರಣಕ್ಕೆ ಕೊಡುವಾಗಲೇ ಒಂದು ಮಾತು ಹೇಳಬೇಕು: 'ಪುಟದ ಪಿಡಿಎಫ್ ಜೊತೆಗೆ ಯೂನಿಕೋಡಿಗೆ ಬದಲಾಯಿಸಿದ ಪಠ್ಯವನ್ನೂ ಕೊಡಿ.' ಬದಲಾಯಿಸುವ ಉಚಿತ ಪರಿವರ್ತಕಗಳು ಇವೆ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಒಮ್ಮೆ ಕಣ್ಣಾಡಿಸಬೇಕು. ನಮಗೆ ಅರ್ಧ ದಿನದ ಕೆಲಸ. ಆಮೇಲೆ ಆ ಪಠ್ಯ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಮೊಬೈಲಿನಲ್ಲಿ ದಪ್ಪ ಅಕ್ಷರ ಮಾಡಿ ಓದಬಹುದು. ಇಪಬ್, ಅಂದರೆ ಮೊಬೈಲಿನಲ್ಲಿ ಓದುವ ಇ-ಪುಸ್ತಕ, ಮಾಡಬಹುದು. ಆಂಡ್ರಾಯ್ಡಿನ ಟಾಕ್‌ಬ್ಯಾಕ್, ಕಂಪ್ಯೂಟರಿನ ಎನ್‌ವಿಡಿಎ ಓದಿ ಹೇಳುತ್ತವೆ.

ಹಳೆಯ ಸಂಚಿಕೆ ಪುಸ್ತಕ ಮಾತ್ರ ಇದ್ದರೆ ಸ್ಕ್ಯಾನ್ ಮಾಡಿ ಓಸಿಆರ್, ಅಂದರೆ ಚಿತ್ರದಿಂದ ಅಕ್ಷರ ಗುರುತಿಸಿ ಪಠ್ಯ ಮಾಡುವುದು, ಮಾಡಬೇಕು. ಗೂಗಲ್ ಡ್ರೈವ್‌ನಲ್ಲಿ ಕನ್ನಡ ಬರುತ್ತದೆ, ಟೆಸರಾಕ್ಟ್ ಅನ್ನುವ ಉಚಿತ ತಂತ್ರಾಂಶದಲ್ಲೂ ಬರುತ್ತದೆ. ಪುಟ ನೇರವಾಗಿರಬೇಕು, ನೆರಳು ಬೀಳಬಾರದು. ಮೊಬೈಲಿನಲ್ಲಿ ಅಡ್ಡಾದಿಡ್ಡಿ ತೆಗೆದ ಫೋಟೋ ಬೇಡ.

ಹೊಳಲ್ಕೆರೆ ಮಾಮ

ಪಠ್ಯ ಇದ್ದೂ ನಮಗೆ ಸಿಗುತ್ತಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ. ಮುಂದಿನ ಸಲ ನಾನೇ ಸಮಿತಿಯವರ ಹತ್ತಿರ ಹೋಗಿ ಕೂರುತ್ತೇನೆ.

ಭಕ್ತ, ಹೊನ್ನಾಳಿ

ಬೇಜಾರು ಮಾಡಿಕೊಳ್ಳಬೇಡಿ, ನನ್ನ ಅನಿಸಿಕೆ ಬೇರೆ. ಸಮಾವೇಶ ಅಂದರೆ ಹೋಗಿ ನೆಲದ ಮೇಲೆ ಕೂತು, ದಾಸೋಹದಲ್ಲಿ ಉಂಡು, ಹತ್ತು ಜನರ ನಡುವೆ ಕೇಳುವುದು. ಮನೆಯಲ್ಲಿ ಮಲಗಿ ಸ್ಪೀಕರಿನಲ್ಲಿ ಕೇಳಿದರೆ ಅದು ರೇಡಿಯೋ ಆಯಿತು. ಎಲ್ಲ ಮೊಬೈಲಿಗೆ ಬಂದರೆ ನಾಳೆ ಪೆಂಡಾಲಿಗೆ ಯಾರು ಬರುತ್ತಾರೆ?

ವಿದ್ಯಾನಗರ ಓದುಗಿ, ದಾವಣಗೆರೆ

ಅಣ್ಣಾವ್ರೆ, ನಿಮ್ಮ ಮಾತಿನ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಅವ್ವನಿಗೂ ಅದೇ ಬೇಕಿತ್ತು. ಹೋಗಲು ಆಗುವವರು ಹೋಗಲೇಬೇಕು. ಆದರೆ ಹೋಗಲು ಆಗದವರು ಸಮಾವೇಶದ ಹೊರಗಿನವರು ಅಂತ ಆಗಬಾರದು ಅಲ್ವಾ?

ಹುಣ್ಣಿಮೆ ಶುರುವಾಗಿದ್ದೇ ಹೇಗೆ, ನೋಡಿ. 1950ರಲ್ಲಿ ಜಗಳೂರಿನಲ್ಲಿ. ಆಮೇಲೆ ಒಂದೊಂದು ವರ್ಷ ಒಂದೊಂದು ಊರು. ಸಿರಿಗೆರೆಯಲ್ಲೇ ಕೂತು ಎಲ್ಲರೂ ಇಲ್ಲಿಗೆ ಬನ್ನಿ ಅನ್ನಬಹುದಿತ್ತು. ಹಾಗನ್ನದೆ ಜನ ಇದ್ದಲ್ಲಿಗೆ ಹೋದರು. ಅವ್ವ ಇರುವಲ್ಲಿಗೆ, ಹೊಳಲ್ಕೆರೆ ಮಾಮ ಇರುವಲ್ಲಿಗೆ ಆ ಮಾತು ಹೋಗಲಿ ಅಂತ ಕೇಳುವುದೂ ಅದೇ ದಾರಿಯಲ್ಲಿದೆ.

ಭಕ್ತ, ಹೊನ್ನಾಳಿ

ಒಪ್ಪಿದೆ ತಂಗಿ. ಆಗದವರಿಗೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಐದು ನಿಮಿಷದ ತುಣುಕು ಮಾಡಿ, ಹಿಂದೆ ಸಿನಿಮಾ ಸಂಗೀತ ಸೇರಿಸಿ ಬಿಡುವುದನ್ನು ದಯವಿಟ್ಟು ಯಾರೂ ಮಾಡಬೇಡಿ.

ಚಳ್ಳಕೆರೆ ಟು ಬೆಂಗಳೂರು

ಅದಕ್ಕೆ ನನ್ನದೂ ಸಹಮತ. ಪೂರ್ತಿ ಉಪನ್ಯಾಸ ಇರಬೇಕು, ಬೇಕಾದ ಜಾಗಕ್ಕೆ ಹೋಗುವ ದಾರಿಯೂ ಇರಬೇಕು. ಯೂಟ್ಯೂಬಿನಲ್ಲಿ ವಿಡಿಯೋ ಕೆಳಗಿನ ವಿವರಣೆಯಲ್ಲಿ 0:00 ಇಂದ ಶುರು ಮಾಡಿ ಸಮಯ ಮತ್ತು ಹೆಸರು ಬರೆದರೆ ತಾನೇ ಅಧ್ಯಾಯಗಳಾಗಿ ಒಡೆಯುತ್ತದೆ. ಕನಿಷ್ಠ ಮೂರು ಇರಬೇಕು. ಚಾನೆಲ್ ನಡೆಸುವವರಿಗೆ ಇದು ಹತ್ತು ನಿಮಿಷದ ಕೆಲಸ.

ಈ ಕೆಲಸವನ್ನು ಪೂರ್ತಿ ವ್ಯವಸ್ಥಿತವಾಗಿ ಮಾಡುವವರು ಜಗತ್ತಿನಲ್ಲಿ ಇದ್ದಾರೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಮಾರ್ಮನ್ ಚರ್ಚಿನವರು ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ, ಮಹಾಸಮ್ಮೇಳನ ನಡೆಸುತ್ತಾರೆ. ಅದರ ಪ್ರತಿ ಭಾಷಣಕ್ಕೂ ಬೇರೆ ಪುಟ. ಅದೇ ಪುಟದಲ್ಲಿ ವಿಡಿಯೋ, ಆಡಿಯೋ, ಪೂರ್ತಿ ಪಠ್ಯ, ಜೊತೆಗೆ ಬೇರೆ ಬೇರೆ ಭಾಷೆಗಳು. ಇಂಗ್ಲಿಷಿನಲ್ಲಿ 1971ರಿಂದ ಈಚಿನ ಹಳೆಯ ಭಾಷಣಗಳೂ ಸಿಗುತ್ತವೆ. ನಾನು ಆ ಧರ್ಮದವನಲ್ಲ. ಆದರೆ ಒಂದೊಂದು ಭಾಷಣಕ್ಕೂ ಒಂದೊಂದು ವಿಳಾಸ ಕೊಡುವ ಪದ್ಧತಿ ನಾವು ಕಲಿಯಬೇಕಾದ್ದು. ನಮ್ಮಲ್ಲಿ 'ದಿನ 4, ಭಾಗ 2' ಅಂತ ಇರುತ್ತದೆ. ಅದರೊಳಗೆ ಯಾರು ಏನು ಮಾತಾಡಿದರು ಅಂತ ದೇವರೇ ಬಲ್ಲ.

ಹರಿಹರ ಸೇತುವೆ

ನಮ್ಮ ಮನೆಯ ಅನುಭವ ಹೇಳುತ್ತೇನೆ. ನಾವು ಹರಿಹರದ ಆರೋಗ್ಯ ಮಾತೆಯ ಭಕ್ತರು. ನಮ್ಮ ತಂದೆಗೂ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಯಿತು. ಕನ್ನಡ ಬೈಬಲ್ ಆಡಿಯೋ ಉಚಿತವಾಗಿ ಆ್ಯಪ್‌ಗಳಲ್ಲಿ ಇದೆ. ಅದರಲ್ಲಿ ಒಂದು ಅನುಕೂಲ ಏನಂದರೆ ಎಲ್ಲ ಅಧ್ಯಾಯ ಅಧ್ಯಾಯವಾಗಿ ಇರುತ್ತದೆ. 'ಮತ್ತಾಯ 5 ಹಾಕು' ಅಂದರೆ ತಕ್ಷಣ ಹಾಕಬಹುದು. ಓದುವ ಪುಸ್ತಕದಲ್ಲೂ ಅದೇ ಸಂಖ್ಯೆ, ತಮಿಳು ಬೈಬಲ್‌ನಲ್ಲೂ ಅದೇ ಸಂಖ್ಯೆ. ನಮ್ಮ ಅತ್ತೆ ತಮಿಳಿನಲ್ಲಿ ಕೇಳುತ್ತಾರೆ, ತಂದೆ ಕನ್ನಡದಲ್ಲಿ. ಇಬ್ಬರೂ ಒಂದೇ ಅಧ್ಯಾಯದ ಬಗ್ಗೆ ಮಾತಾಡುತ್ತಾರೆ.

ನಿಮ್ಮ ವಚನಗಳಿಗೂ ಹಾಗೆ ಸಂಖ್ಯೆ ಇದೆಯಾ?

ದುರ್ಗದ ಮೇಷ್ಟ್ರು

ಹರಿಹರದವರು ಸರಿಯಾದ ಪ್ರಶ್ನೆ ಕೇಳಿದಿರಿ. ಇದೆ. ಸಮಾಧಾನವಾಗಿ ಹೇಳುತ್ತೇನೆ.

ಫ.ಗು. ಹಳಕಟ್ಟಿಯವರು ತಾಳೆಗರಿ ಹುಡುಕಿ ಅಲೆದು, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚು ಹಾಕಿಸಿದರು. ಆಮೇಲೆ ಎಷ್ಟೋ ಜನ ಸಂಪಾದಕರು ದುಡಿದರು. ಕೊನೆಗೆ ಕರ್ನಾಟಕ ಸರ್ಕಾರ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟ ತಂದಿತು. 15 ಸಂಪುಟಗಳು. ಮೊದಲನೆಯದು ಬಸವಣ್ಣನವರದು, ಎರಡನೆಯದು ಅಲ್ಲಮಪ್ರಭುವಿನದು, ಐದನೆಯದು ಶಿವಶರಣೆಯರದು. ಪ್ರತಿ ಸಂಪುಟದಲ್ಲಿ ಪ್ರತಿ ವಚನಕ್ಕೂ ಒಂದು ಸಂಖ್ಯೆ ಇದೆ. ಒಟ್ಟು 20,000ಕ್ಕೂ ಜಾಸ್ತಿ ವಚನ. ಈ ವಚನಗಳನ್ನು ಪದ ಹಾಕಿ ಹುಡುಕಲು ವಚನ ಸಂಚಯ ಅಂತ ಉಚಿತ ತಾಣವಿದೆ. ಸಿರಿಗೆರೆ ಮಠದವರೂ ವಚನ ಹುಡುಕುವ ಆ್ಯಪ್ ಮಾಡಿದ್ದಾರೆ. ಪಾಣಿನಿಯ ಸಂಸ್ಕೃತ ವ್ಯಾಕರಣಕ್ಕೆ ಗಣಕಾಷ್ಟಾಧ್ಯಾಯಿ ಅಂತ ತಂತ್ರಾಂಶವನ್ನೇ ರೂಪಿಸಿದವರು ಆ ಮಠದ ಗುರುಗಳು. ಕಂಪ್ಯೂಟರು ಆ ಮಠಕ್ಕೆ ಹೊಸದಲ್ಲ.

ಈಗ ಅನುವಾದಕ್ಕೆ ಬರೋಣ. ಬೆಂಗಳೂರಿನ ಬಸವ ಸಮಿತಿ ಕಲಬುರ್ಗಿಯವರ ಸಂಪಾದನೆಯಲ್ಲೇ 2,500 ವಚನ ಆರಿಸಿ, ಅವನ್ನು ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ತಂದಿದೆ. ಹಿಂದಿ, ಮರಾಠಿ, ತಮಿಳು, ತೆಲುಗು, ಉರ್ದು, ಇಂಗ್ಲಿಷ್ ಎಲ್ಲ ಇವೆ. ಆಯಾ ಭಾಷೆಯ ಬಲ್ಲವರು ಕೂತು ಮಾಡಿದ್ದು.

ಇದರಿಂದ ನಮಗೇನು ಉಪಯೋಗ? ಒಂದು ಉಪನ್ಯಾಸದಲ್ಲಿ ಏಳೆಂಟು ವಚನ ಬರುತ್ತವೆ. ಅದರ ಜೀವವೇ ಅವು. ಪಠ್ಯ ಮಾಡುವಾಗ ವಚನವನ್ನು ಕೇಳಿ ಕೇಳಿ ಟೈಪ್ ಮಾಡಬೇಡಿ. ಹುಡುಕಿ, ಸಂಪುಟದಲ್ಲಿರುವ ಪಾಠ ಹಾಕಿ, ಸಂಪುಟ ಮತ್ತು ವಚನ ಸಂಖ್ಯೆ ಬರೆಯಿರಿ. ವೇದಿಕೆಯಲ್ಲಿ ನೆನಪಿನಿಂದ ಹೇಳುವಾಗ ಸಾಲು ಹಿಂದೆ ಮುಂದೆ ಆಗಿರುತ್ತದೆ. ಇನ್ನೊಬ್ಬ ಶರಣರ ವಚನ ಬಸವಣ್ಣನವರ ಹೆಸರಿಗೆ ಹೋಗಿರುತ್ತದೆ. ಸಂಖ್ಯೆ ಹಾಕಲು ಹೋದರೆ ಅದು ತಾನೇ ಸರಿಯಾಗುತ್ತದೆ.

ಬೇರೆ ಭಾಷೆಗೆ ಕೊಡುವಾಗ ಉಪನ್ಯಾಸಕರ ಮಾತನ್ನು ಯಂತ್ರದಿಂದ ಅನುವಾದ ಮಾಡಿಸಿ ತಿದ್ದಿಕೊಂಡರೆ ನಡೆಯುತ್ತದೆ. ವಚನವನ್ನು ಮಾತ್ರ ಯಂತ್ರಕ್ಕೆ ಕೊಡಬೇಡಿ. ಇದು ನನ್ನ ಕಳಕಳಿಯ ಮಾತು. ಬಲ್ಲವರು ಮಾಡಿದ ಅನುವಾದ ಪುಸ್ತಕದಲ್ಲಿದ್ದರೆ ಅದನ್ನೇ ಹೆಸರು ಹೇಳಿ ಬಳಸಿ. ಇಲ್ಲದಿದ್ದರೆ ಕನ್ನಡದಲ್ಲೇ ಇರಲಿ, ಕೆಳಗೆ ಸರಳವಾಗಿ ತಾತ್ಪರ್ಯ ಬರೆಯಿರಿ.

ಸೂರಗೊಂಡನಕೊಪ್ಪ ದಾರಿ

ಮೇಷ್ಟ್ರೇ, ನಮ್ಮ ಕಥೆ ಸ್ವಲ್ಪ ಬೇರೆ. ಓದುಗಿ ಅಕ್ಕನ ಪುಣೆ ಮಕ್ಕಳ ಪ್ರಶ್ನೆಗೂ ಅದು ಉತ್ತರ ಆಗಬಹುದು.

ನಾವು ಬಂಜಾರರು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರುವರಿಯ ಜಯಂತಿಗೆ ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದ ಮಾಲೆ ಹಾಕಿದವರು ಬರುತ್ತಾರೆ. ಎಲ್ಲರದ್ದೂ ಒಂದೇ ಮಾತು, ಲಂಬಾಣಿ. ಆದರೆ ಅದಕ್ಕೆ ತನ್ನದೇ ಅಂತ ಎಲ್ಲರೂ ಬಳಸುವ ಲಿಪಿ ಇಲ್ಲ. ನಾವು ಕನ್ನಡದಲ್ಲಿ ಬರೆಯುತ್ತೇವೆ, ಅವರು ದೇವನಾಗರಿಯಲ್ಲಿ, ಇನ್ನೊಬ್ಬರು ತೆಲುಗಿನಲ್ಲಿ. ಭಜನೆ ಎಲ್ಲರೂ ಒಟ್ಟಿಗೆ ಹಾಡುತ್ತೇವೆ. ಅದೇ ಭಜನೆ ಪುಸ್ತಕ ಕೊಟ್ಟರೆ ಒಬ್ಬರದ್ದು ಇನ್ನೊಬ್ಬರಿಗೆ ಓದಲು ಬರುವುದಿಲ್ಲ.

ಇಲ್ಲಿ ಅನುವಾದ ಬೇಡವೇ ಬೇಡ. ಲಿಪಿ ಬದಲಾದರೆ ಸಾಕು. ಅಕ್ಷರಮುಖ ಅಂತ ಒಂದು ಉಚಿತ ಪರಿವರ್ತಕ ಇದೆ. ಕನ್ನಡ ಲಿಪಿಯ ಪಠ್ಯ ಹಾಕಿದರೆ ದೇವನಾಗರಿ, ತೆಲುಗು ಎರಡರಲ್ಲೂ ಕೊಡುತ್ತದೆ. ಡಿಟಿಪಿ ಅಣ್ಣ ಹೇಳಿದಂತೆ ಪಠ್ಯ ಯೂನಿಕೋಡ್‌ನಲ್ಲಿ ಇರಬೇಕು, ಅಷ್ಟೇ.

ಪುಣೆಯ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಮರಾಠಿ ಶಾಲೆಯ ದೇವನಾಗರಿ ಬರುತ್ತದೆ. ಅವರಿಗೂ ಕನ್ನಡವನ್ನೇ ದೇವನಾಗರಿಯಲ್ಲಿ ಕೊಡಿ ಅಕ್ಕ. ಅನುವಾದ ಕೊಟ್ಟರೆ ಅಜ್ಜಿ ಕೇಳಿದ ಮಾತು ಬೇರೆ, ಅವರು ಓದಿದ ಮಾತು ಬೇರೆ ಆಗುತ್ತದೆ.

ವಿದ್ಯಾನಗರ ಓದುಗಿ, ದಾವಣಗೆರೆ

ಇದು ನನಗೆ ಹೊಳೆದೇ ಇರಲಿಲ್ಲ! ನಾನು ಇಂಗ್ಲಿಷ್ ಅನುವಾದ ಹುಡುಕುತ್ತಾ ಕೂತಿದ್ದೆ. ಒಂದು ವಚನ ದೇವನಾಗರಿ ಮಾಡಿ ಕಳಿಸಿದೆ. ದೊಡ್ಡವಳು ಫೋನಿನಲ್ಲಿ ಗಟ್ಟಿಯಾಗಿ ಓದಿದಳು. 'ಎ' ಮತ್ತು 'ಏ', 'ಒ' ಮತ್ತು 'ಓ' ಅಲ್ಲಿ ಸ್ವಲ್ಪ ಗೊಂದಲ ಆಯಿತು. ಮಾತು ಗೊತ್ತಿರುವುದರಿಂದ ತಾನೇ ಸರಿಪಡಿಸಿಕೊಂಡಳು.

ಆಜಾದ್ ನಗರ

ನಮ್ಮಲ್ಲೂ ಇದೇ. ಮನೆ ಮಾತು ಉರ್ದು. ಇಜ್ತೆಮಾದ (ಧಾರ್ಮಿಕ ಸಮಾವೇಶದ) ಬಯಾನ್ (ಪ್ರವಚನ) ಕೇಳಿದರೆ ನಮ್ಮ ಮಕ್ಕಳಿಗೆ ಪೂರ್ತಿ ಅರ್ಥವಾಗುತ್ತದೆ. ಆದರೆ ಓದಿದ್ದು ಕನ್ನಡ ಶಾಲೆಯಲ್ಲಿ, ಉರ್ದು ಲಿಪಿ ಓದಲು ತಡವರಿಸುತ್ತಾರೆ. ನಾವು ಮುಖ್ಯವಾದ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಕೊಡುತ್ತೇವೆ. ಉರ್ದು ಲಿಪಿಯಿಂದ ಯಂತ್ರ ಸರಿಯಾಗಿ ಬದಲಾಯಿಸುವುದಿಲ್ಲ. ಸ್ವರಚಿಹ್ನೆ ಬರೆಯುವ ರೂಢಿ ಇಲ್ಲವಲ್ಲ, ಹಾಗಾಗಿ ಕೈಯಲ್ಲೇ ಬರೆಯಬೇಕು. ನಮ್ಮ ಅಕ್ಕ ಆ ಕೆಲಸ ಮಾಡುತ್ತಾರೆ.

ವಕೀಲ, ಜಗಳೂರು

ಒಳ್ಳೆಯ ಕೆಲಸ ಮಾಡುತ್ತಿದ್ದೀರಿ. ಅನುಮತಿಯ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

12ನೇ ಶತಮಾನದ ವಚನಗಳ ಮೇಲೆ ಯಾರ ಹಕ್ಕುಸ್ವಾಮ್ಯವೂ ಇಲ್ಲ. ಆದರೆ ಈಗಿನವರ ಅನುವಾದ, ಟಿಪ್ಪಣಿ, ಮುನ್ನುಡಿಯ ಮೇಲೆ ಇರುತ್ತದೆ. ನಮ್ಮ ದೇಶದಲ್ಲಿ ಅದು ಲೇಖಕರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ಹಳಕಟ್ಟಿಯವರು ತೀರಿಕೊಂಡಿದ್ದು 1964ರಲ್ಲಿ. ಆದ್ದರಿಂದ 2025ರ ಜನವರಿ 1ರಿಂದ ಅವರ ಬರಹ ಎಲ್ಲರಿಗೂ ಮುಕ್ತ. ಅವನ್ನು ಟೈಪ್ ಮಾಡಿ, ಓದಿ ರೆಕಾರ್ಡ್ ಮಾಡಿ, ಹಂಚಿ. ಯಾರನ್ನೂ ಕೇಳಬೇಕಿಲ್ಲ.

ಉಪನ್ಯಾಸಕ್ಕೆ ಬಂದರೆ, ಮಾತಾಡಿದವರಿಗೆ ಹಕ್ಕು ಇದೆ. ಕಾನೂನಿನಲ್ಲಿ ಉಪನ್ಯಾಸ ಮಾಡುವವರನ್ನೂ ಪ್ರದರ್ಶಕರು ಅಂತಲೇ ಗುರುತಿಸಿದೆ. ವಚನ ಹಾಡಿದ ಗಾಯಕರಿಗೂ ಹಾಗೇ. ಊರಿಗೆಲ್ಲ ಹಂಚುವ ಮೊದಲು, ಅನುವಾದ ಪ್ರಕಟಿಸುವ ಮೊದಲು ಅವರನ್ನು ಕೇಳಿ. ಆಹ್ವಾನ ಪತ್ರದ ಜೊತೆಗೆ ಸಮಿತಿಯವರು ಒಂದು ಒಪ್ಪಿಗೆ ಸಾಲು ಸೇರಿಸಿದರೆ ಮುಗಿಯಿತು: ಧ್ವನಿ, ಪಠ್ಯ, ಅನುವಾದ ಮೂರಕ್ಕೂ ಸಮ್ಮತಿ ಇದೆ ಅಂತ.

ಮುಖ್ಯವಾದ ವಿನಾಯಿತಿ ಒಂದಿದೆ. ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯಲ್ಲಿ ಕಲಂ 52ಕ್ಕೆ ಸೇರಿಸಿದ್ದಾರೆ. ಅಂಗವಿಕಲರಿಗೆ ಓದಲು, ಕೇಳಲು ಆಗುವ ರೂಪಕ್ಕೆ ಒಂದು ಕೃತಿಯನ್ನು ಬದಲಾಯಿಸಿ ಅವರಿಗೆ ಕೊಟ್ಟರೆ ಅದು ಉಲ್ಲಂಘನೆ ಅಲ್ಲ. ಲಾಭಕ್ಕೆ ಮಾಡಬಾರದು. ದೃಷ್ಟಿ ಇಲ್ಲದವರಿಗಾಗಿ ಇರುವ ಮರ್ರಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ನಮ್ಮದು. ಓದುಗಿಯವರು ತಮ್ಮ ತಾಯಿಗೆ ಪುಸ್ತಕ ಓದಿ ರೆಕಾರ್ಡ್ ಮಾಡಿ ಕೊಡಲು ಹಿಂಜರಿಯಬೇಕಿಲ್ಲ. ಸುಗಮ್ಯ ಪುಸ್ತಕಾಲಯ ಅಂತ ಆನ್‌ಲೈನ್ ಗ್ರಂಥಾಲಯವೂ ಇದೆ, 2016ರಲ್ಲಿ ಶುರುವಾಗಿದ್ದು. ಮುದ್ರಿತ ಪುಸ್ತಕ ಓದಲಾಗದವರು ಸದಸ್ಯರಾಗಬಹುದು.

ಹೊಳಲ್ಕೆರೆ ಮಾಮ

ವಕೀಲರೇ, ಕಿವುಡರಿಗೂ ಅದೇ ಕಲಂ ಅನ್ವಯ ಆಗುತ್ತದಾ? ವಿಡಿಯೋಗೆ ಅಡಿಬರಹ ಹಾಕುವ ವಿಷಯ.

ವಕೀಲ, ಜಗಳೂರು

ಕಲಂ 52ರಲ್ಲಿ ಅಂಗವೈಕಲ್ಯ ಅಂತ ಸಾಮಾನ್ಯವಾಗಿ ಹೇಳಿದೆ. ಕಣ್ಣಿಗೆ ಮಾತ್ರ ಸೀಮಿತ ಮಾಡಿಲ್ಲ. ಧೈರ್ಯವಾಗಿ ಕೇಳಿ.

ಚಳ್ಳಕೆರೆ ಟು ಬೆಂಗಳೂರು

ಮಾಮ, ಅಡಿಬರಹದ ಕೆಲಸ ನಾನು ಹಿಡಿದುಕೊಳ್ಳುತ್ತೇನೆ. ಎಸ್‌ಆರ್‌ಟಿ ಅನ್ನುವುದು ಸಾದಾ ಪಠ್ಯದ ಫೈಲು. ಒಂದು ಸಂಖ್ಯೆ, ಶುರುವಾಗುವ ಮುಗಿಯುವ ಸಮಯ, ಕೆಳಗೆ ಸಾಲು. ಯೂಟ್ಯೂಬಿಗೆ ಅದನ್ನು ಏರಿಸಲು ಚಾನೆಲ್ ನಡೆಸುವವರಿಗೆ ಮಾತ್ರ ಆಗುತ್ತದೆ, ಆದ್ದರಿಂದ ಫೈಲು ಮಾಡಿ ಅವರಿಗೇ ಕಳಿಸಬೇಕು. ಮಾತನ್ನು ಪಠ್ಯ ಮಾಡಿಕೊಡುವ ಯಂತ್ರಗಳು ಕನ್ನಡಕ್ಕೂ ಬಂದಿವೆ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆಯಲ್ಲೂ ಕನ್ನಡ ಇದೆ. ಮಿಕ್ಸರಿನ ಧ್ವನಿ ಕೊಟ್ಟರೆ ಸಾದಾ ಮಾತು ಬಹಳಷ್ಟು ಸರಿಯಾಗಿ ಬರುತ್ತದೆ. ವಚನ ಹಾಡಿದ ಕಡೆ, ಊರಿನ ಹೆಸರು ಬಂದ ಕಡೆ, ನಮ್ಮ ಕಡೆಯ ಆಡುಮಾತು ಬಂದ ಕಡೆ ಎಡವುತ್ತದೆ. ಕೇಳಿ ತಿದ್ದಲು ಜನ ಬೇಕು.

ದುರ್ಗದ ಮೇಷ್ಟ್ರು

ತಿದ್ದಲು ನಾನಿದ್ದೇನೆ. ನಿವೃತ್ತಿಯಾದ ನಮ್ಮ ಸ್ನೇಹಿತರೂ ಇದ್ದಾರೆ. ಸಮಗ್ರ ಸಂಪುಟ ನಮ್ಮ ಮನೆಯಲ್ಲಿದೆ, ವಚನದ ಪಾಠ ಮತ್ತು ಸಂಖ್ಯೆ ನಾನು ನೋಡುತ್ತೇನೆ.

ವಿದ್ಯಾನಗರ ಓದುಗಿ, ದಾವಣಗೆರೆ

ಒಂದು ಸಮಿತಿಯವರಿಂದ ಮಿಕ್ಸರ್ ಧ್ವನಿ ಸಿಕ್ಕಿತು. ಭಾಷಣ ಮಾಡಿದವರಿಗೆ ಫೋನ್ ಮಾಡಿ ಕೇಳಿದೆವು. ಸಂತೋಷವಾಗಿ ಒಪ್ಪಿದರು, ಬರೆದಿಟ್ಟುಕೊಂಡಿದ್ದ ಪಠ್ಯವನ್ನೂ ಕಳಿಸಿದರು. ಅವ್ವನ ಕಾರ್ಡ್ ತಯಾರಾಗಿದೆ. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಿದೆ, ಫೈಲು ಇದ್ದ ಹಾಗೇ ಹೋಯಿತು.

ಅವ್ವ ಒಂದು ಬೇಡಿಕೆ ಇಟ್ಟಿದ್ದಾಳೆ. ವಚನಗಾಯನ ಬೇರೆ ಫೈಲು ಬೇಕಂತೆ, ಬೆಳಗ್ಗೆ ಪೂಜೆ ಹೊತ್ತಿಗೆ ಕೇಳಲು. ಚಳ್ಳಕೆರೆ ತಮ್ಮ, ಉಪನ್ಯಾಸದಿಂದ ಹಾಡು ಬೇರೆ ತೆಗೆದರೆ ಧ್ವನಿ ಕೆಡುತ್ತದಾ?

ಚಳ್ಳಕೆರೆ ಟು ಬೆಂಗಳೂರು

ಕತ್ತರಿಸಿದರೆ ಕೆಡುವುದಿಲ್ಲ ಅಕ್ಕ. ಆದರೆ ಹಾಡಿಗೆ 64 ಸಾಲದು. ಮಿಕ್ಸರಿನಿಂದ ಬಂದ ಮೂಲ ಫೈಲಿನಿಂದಲೇ ತೆಗೆದು 128ರಲ್ಲಿ ಮಾಡಿ. ಒಮ್ಮೆ ಸಣ್ಣದು ಮಾಡಿದ್ದನ್ನು ಮತ್ತೆ ದೊಡ್ಡದು ಮಾಡಿದರೆ ಹೋದ ಗುಣ ವಾಪಸು ಬರುವುದಿಲ್ಲ. ಮೂಲ ಫೈಲು ಯಾವತ್ತೂ ಅಳಿಸಬೇಡಿ. ಭಾಷಣಕಾರರೂ ಗಾಯಕರೂ ಒಪ್ಪಿದ್ದರೆ ಇಂಟರ್ನೆಟ್ ಆರ್ಕೈವ್‌ನಲ್ಲೂ ಒಂದು ಪ್ರತಿ ಹಾಕಿ. ಭಾಷೆ ಅನ್ನುವ ಜಾಗದಲ್ಲಿ ಕನ್ನಡ ಅಂತ ಆರಿಸುವುದನ್ನು ಮರೆಯಬೇಡಿ.

ಭಕ್ತ, ಹೊನ್ನಾಳಿ

ಒಂದು ಕೇಳುತ್ತೇನೆ. ನಮ್ಮ ಮನೆಯ ಅಟ್ಟದಲ್ಲಿ ಹಳೆಯ ಕ್ಯಾಸೆಟ್‌ಗಳಿವೆ. ಸಿರಿಗೆರೆಯ ಹಿರಿಯ ಗುರುಗಳು, ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು, ಮಾತಾಡಿದ್ದು. ಅವರು 1992ರಲ್ಲಿ ಲಿಂಗೈಕ್ಯರಾದರು, ಅಂದರೆ ಅದಕ್ಕೂ ಹಿಂದಿನವು. ಇವನ್ನು ಉಳಿಸಬಹುದಾ? ಕೆಲವದರ ಮೇಲೆ ಬಿಳಿ ಬೂಷ್ಟು ಹಿಡಿದಿದೆ.

ಮೈಕ್ ಸೆಟ್, ಭರಮಸಾಗರ

ಅಣ್ಣಾ, ದಯವಿಟ್ಟು ಅವನ್ನು ಯಾವ ಟೇಪ್ ರೆಕಾರ್ಡರಿಗೂ ಹಾಕಬೇಡಿ! ಬೂಷ್ಟು ಹಿಡಿದ ಟೇಪು ಹೆಡ್ಡಿಗೆ ಅಂಟುತ್ತದೆ, ಆಮೇಲೆ ಹಾಕಿದ ಒಳ್ಳೆಯ ಕ್ಯಾಸೆಟ್ಟಿಗೂ ತಗಲುತ್ತದೆ. ಹಳೆಯ ಪ್ಲೇಯರಿನ ಬೆಲ್ಟು ಸಡಿಲ ಆಗಿದ್ದರೆ ಟೇಪು ಸಿಕ್ಕಿ ಹರಿಯುತ್ತದೆ. ಬೂಷ್ಟು ಇರುವುದು, ಇಲ್ಲದ್ದು ಬೇರೆ ಬೇರೆ ಡಬ್ಬಿಯಲ್ಲಿ ಇಡಿ. ಬಿಸಿಲಿಗೆ ಒಣಗಿಸಬೇಡಿ. ಸ್ಪೀಕರು, ಅಯಸ್ಕಾಂತದ ಹತ್ತಿರ ಇಡಬೇಡಿ. ಕ್ಯಾಸೆಟ್ಟಿನ ಮೇಲ್ತುದಿಯ ಎರಡು ಸಣ್ಣ ಚಕ್ಕೆ ಮುರಿದಿದೆಯಾ ನೋಡಿ. ಇಲ್ಲದಿದ್ದರೆ ಮುರಿಯಿರಿ, ಅದರ ಮೇಲೆ ತಪ್ಪಿ ರೆಕಾರ್ಡ್ ಆಗುವುದಿಲ್ಲ.

ನನ್ನ ಹತ್ತಿರ ಒಳ್ಳೆಯ ಕ್ಯಾಸೆಟ್ ಡೆಕ್ ಇದೆ, ಹೊಸ ಬೆಲ್ಟು ಹಾಕಿಸಿದ್ದೇನೆ. ಲೈನ್ ಔಟಿನಿಂದ ಕಂಪ್ಯೂಟರಿಗೆ ತೆಗೆಯುತ್ತೇನೆ. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷವೇ ಬೇಕು, ಅವಸರ ಮಾಡಲು ಆಗುವುದಿಲ್ಲ. ಕವರಿನ ಮೇಲೆ ಬರೆದ ಊರು, ದಿನಾಂಕ ಇದ್ದರೆ ಮೊದಲು ಅದರ ಫೋಟೋ ತೆಗೆದು ಕಳಿಸಿ.

ಭಕ್ತ, ಹೊನ್ನಾಳಿ

ಕೆಲವದರ ಮೇಲೆ ಊರು ಇದೆ, ಇಸವಿ ಇಲ್ಲ. ಫೋಟೋ ಈಗಲೇ ಕಳಿಸುತ್ತೇನೆ. ಕ್ಯಾಸೆಟ್ ನಾನೇ ಭರಮಸಾಗರಕ್ಕೆ ತಂದು ಕೊಡುತ್ತೇನೆ, ಕೊರಿಯರ್‌ಗೆ ಹಾಕುವುದಿಲ್ಲ.

ದುರ್ಗದ ಮೇಷ್ಟ್ರು

ಇಸವಿ ಹುಡುಕುವುದು ನನಗೆ ಬಿಡಿ. ಯಾವ ವರ್ಷ ಯಾವ ಊರಿನಲ್ಲಿ ಹುಣ್ಣಿಮೆ ಆಯಿತು ಅನ್ನುವುದು ಹಳೆಯ ಸಂಚಿಕೆಗಳಲ್ಲಿ ಇರುತ್ತದೆ. ಊರು ಗೊತ್ತಾದರೆ ವರ್ಷ ಸಿಗುತ್ತದೆ. ಧ್ವನಿ ಬಂದ ತಕ್ಷಣ ಹೊಳಲ್ಕೆರೆಯವರಿಗೆ ಮೊದಲ ಪಠ್ಯ ಮಾಡಿ ಕಳಿಸೋಣ.